ಬಿರುಕು ಬಿಟ್ಟ ಹಲಸಿನ ತುಂಡಲ್ಲಿ ಹೂದಾನಿ ಕಡೆಯಬಹುದಾ?

ಪ್ರಶ್ನೆ:
ತೀರ್ಥಹಳ್ಳಿಯ ನಮ್ಮ ಹಿತ್ತಲಲ್ಲಿ ಅಜ್ಜ ನೆಟ್ಟಿದ್ದ ಹಲಸಿನ ಮರ ಹೋದ ವರ್ಷದ ಮಳೆಗೆ ಬಿತ್ತು. ಒಂದು ತುಂಡು ಎತ್ತಿಟ್ಟಿದ್ದೇನೆ. 6 ಇಂಚು ದಪ್ಪ, 10 ಇಂಚು ಉದ್ದ. ನಡುವಿನಿಂದ ಅಂಚಿನವರೆಗೆ ಬಿರುಕು, ಪಕ್ಕದಲ್ಲೊಂದು ಗಂಟು. ಒಲೆಗೆ ಹಾಕಲು ಮನಸ್ಸಿಲ್ಲ. ಅಮ್ಮನಿಗೆ ಹೂದಾನಿ ಮಾಡಿಕೊಡಬೇಕು.

ಉತ್ತರ 1:
ಬಿರುಕು ಉದ್ದಕ್ಕೂ ಇದ್ದರೆ ಬೇಡ ಸರ್. ಮರ ಕಡೆಯುವ ಯಂತ್ರದಲ್ಲಿ (ಲೇತ್) ತಿರುಗುವಾಗ ಸೀಳಿ ಮುಖಕ್ಕೆ ಹಾರುತ್ತದೆ.

ಉತ್ತರ 2:
ನಾನು ಕೆಲಸ ಕಲಿತದ್ದು ಚನ್ನಪಟ್ಟಣದಲ್ಲಿ. ಅಲ್ಲಿಯ ಆಲೆ ಮರ ಬಿಳಿ, ಮೆದು, ಕಡೆಯಲು ಸುಲಭ. ಹಲಸು ಹಾಗಲ್ಲ. ಆದರೆ ಆ ಹಳದಿ ಬಣ್ಣ ಬೇರೆ ಯಾವುದಕ್ಕೂ ಬರಲ್ಲ. ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಚಂದ.

ಮೊದಲು ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಆಮೇಲೆ ಬಿರುಕಿನ ಧೂಳು ತೆಗೆದು, ಅದೇ ಮರದ ಪುಡಿ ಕಲಸಿದ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ. ಪೂರ್ತಿ ಗಟ್ಟಿಯಾಗುವ ತನಕ ಮುಟ್ಟಬೇಡಿ. ಲೇತ್ ನಿಮಿಷಕ್ಕೆ 500 ಸುತ್ತಿಗಿಂತ ಕೆಳಗೇ ಶುರುವಾಗಲಿ. ಮುಖಕ್ಕೆ ಶೀಲ್ಡ್ ಹಾಕಿ, ತುಂಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಟಕ್ ಟಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಗಂಟಿನ ಹತ್ತಿರ ಉಳಿ ಚೂಪಾಗಿರಲಿ, ಎಳೆ ಎಳೆಯಾಗಿ ತೆಗೆಯಿರಿ. ಗಂಟನ್ನು ಮಾತ್ರ ಮರೆಮಾಡಬೇಡಿ, ಅದು ಎದುರಿಗೇ ಕಾಣಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದ ಅಣ್ಣ. ನೀರು ಹಾಕಬಹುದಾ?

ಉತ್ತರ 2:
ಬೇಡ. ಒಣಹೂವಿಗೆ ಸಾಕು. ತಾಜಾ ಹೂವು ಬೇಕಂದ್ರೆ ಒಳಗೊಂದು ಗಾಜಿನ ಕೊಳವೆ ಇಡಿ.