ಅಪ್ಪನ ಹಳೇ ರಿಪೋರ್ಟ್ ಎಲ್ಲಾ ಶಿವಮೊಗ್ಗದಲ್ಲಿವೆ, ಆಭಾ ಅನ್ನೋ ಸರ್ಕಾರದ ಹೆಲ್ತ್ ನಂಬರ್ ಇದ್ರೆ ಬೆಂಗಳೂರು ಡಾಕ್ಟ್ರಿಗೆ ತಾನಾಗೇ ಕಾಣುತ್ತಾ?

ತೀರ್ಥಹಳ್ಳಿ_ಮಗಳು

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನಮ್ಮಪ್ಪಂಗೆ 68 ವರ್ಷ, ಶುಗರ್ ಇದೆ, 2021ರಲ್ಲಿ ಶಿವಮೊಗ್ಗದ ಒಂದು ಪ್ರೈವೇಟ್ ಆಸ್ಪತ್ರೇಲಿ ಹಾರ್ಟಿಗೆ ಸ್ಟೆಂಟ್ ಹಾಕಿದಾರೆ, ಆಮೇಲೆ ಕಿಡ್ನಿ ಸ್ವಲ್ಪ ವೀಕ್ ಇದೆ ಅಂತ ಅಲ್ಲೇ ಬೇರೆ ಕ್ಲಿನಿಕ್‌ನಲ್ಲಿ ಇನ್ನೊಬ್ರು ಡಾಕ್ಟ್ರಿಗೆ ತೋರಿಸ್ತಾ ಇದೀವಿ, ಬ್ಲಡ್ ಟೆಸ್ಟ್ ಎಲ್ಲಾ ಊರಲ್ಲೇ ಲ್ಯಾಬಲ್ಲಿ. ಹೀಗೆ ಒಬ್ರ ಕಾಗದ ಮೂರು ಕಡೆ ಹಂಚಿಹೋಗಿದೆ.

ಹೋದ ವಾರ ಹೊಟ್ಟೆನೋವು ಅಂತ ಬೆಂಗಳೂರಲ್ಲಿ ನಮ್ಮನೆ ಹತ್ರದ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡ್ಬೇಕು ಅಂದ್ರು, ಅದಕ್ಕೂ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಕಿಡ್ನಿ ಹೇಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ 1.9 ಬಂತು. ಡಾಕ್ಟ್ರು ತಕ್ಷಣ ಕೇಳಿದ್ದು "ಇದು ಮೊದಲಿಂದ ಇಷ್ಟೇ ಇದೆಯಾ, ಈಗ ಏರಿದ್ದಾ" ಅಂತ. ನಮ್ಮ ಹತ್ರ ಇದ್ದಿದ್ದು ಅಣ್ಣ ವಾಟ್ಸಾಪಲ್ಲಿ ಕಳಿಸಿದ ಫೋಟೋ ಒಂದೇ, ಅದ್ರಲ್ಲಿ ಕಾಗದ ಮಡಿಚಿದ ಗೆರೆ ಸರಿಯಾಗಿ ಆ ಸಾಲಿನ ಮೇಲೇ ಬಿದ್ದು ಅಂಕಿ ಓದೋಕಾಗಲ್ಲ. ಆಂಜಿಯೋ ಸಿಡಿ ತಗೊಂಡು ಹೋಗಿದ್ವಿ, ಆ ರೂಮಿನ ಕಂಪ್ಯೂಟರಲ್ಲಿ ಸಿಡಿ ಹಾಕೋ ಜಾಗಾನೇ ಇಲ್ಲ. ಹಾರ್ಟಿನ ಎಕೋ ಸ್ಕ್ಯಾನ್ ಮತ್ತೆ ದುಡ್ಡು ಕೊಟ್ಟು ಮಾಡಿಸಿದ್ವಿ, ಸ್ಕ್ಯಾನ್ ಮುಂದಕ್ಕೆ ಹೋಯ್ತು.

ಈಗ ಕೌಂಟರಲ್ಲಿ ಆಭಾ ಮಾಡಿಸಿ ಅಂತಿದಾರೆ. ಅದನ್ನ ಮಾಡಿಸಿದ್ರೆ ಶಿವಮೊಗ್ಗದ್ದೆಲ್ಲಾ ಇಲ್ಲಿ ತಾನಾಗೇ ಬರುತ್ತಾ? ಮತ್ತೆ ಅಪ್ಪನ ಹತ್ರ ಆಗ್ಲೇ ಆಯುಷ್ಮಾನ್ ಕಾರ್ಡ್ ಇದೆ, ಎರಡೂ ಒಂದೇನಾ? ಅಣ್ಣ ಬೇಡ್ವೇ ಬೇಡ, ಡೇಟಾ ಎಲ್ಲಾ ಹೊರಗೆ ಹೋಗುತ್ತೆ ಅಂತಿದಾನೆ. ಗೊತ್ತಿದ್ದೋರು ಹೇಳಿ ಪ್ಲೀಸ್.

ರೆಕಾರ್ಡ್‌ರೂಮ್_ದಾವಣಗೆರೆ

ಮೇಡಂ ನಾನು ಒಂದು ಆಸ್ಪತ್ರೆಯ ಎಂಆರ್‌ಡಿಯಲ್ಲಿ, ಅಂದ್ರೆ ಕೇಸ್ ಶೀಟ್ ಎಲ್ಲಾ ಇಡೋ ರೆಕಾರ್ಡ್ ಸೆಕ್ಷನ್ನಲ್ಲಿ ಕೆಲಸ ಮಾಡ್ತೀನಿ. ಮೊದಲು ಕಾರ್ಡಿನ ವಿಷಯ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆ ಖರ್ಚಿಗೆ, ನಮ್ಮಲ್ಲಿ ಆರೋಗ್ಯ ಕರ್ನಾಟಕ ಜೊತೆ ಸೇರ್ಸಿದಾರಲ್ಲ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಅದು. ಆಭಾ 14 ಅಂಕಿಯ ನಂಬರ್, ಅದ್ರಿಂದ ಒಂದು ರೂಪಾಯಿ ಬಿಲ್ಲೂ ಕಮ್ಮಿ ಆಗಲ್ಲ, ನಿಮ್ಮ ದಾಖಲೆಗಳನ್ನ ಹುಡುಕೋಕೆ ಜೋಡಿಸೋಕೆ ಮಾತ್ರ. ದಿನಾ ಜನ ಬಂದು ಆಭಾ ಪ್ರಿಂಟ್ ತೋರಿಸಿ ಆಪರೇಷನ್ ಫ್ರೀ ತಾನೇ ಅಂತ ಕೇಳ್ತಾರೆ, ಅವರಿಗೆ ಇಲ್ಲ ಅನ್ನೋವಾಗ ಹೊಟ್ಟೆ ಉರಿಯುತ್ತೆ, ಮಾಡಿಸೋ ಹೊತ್ತಲ್ಲೇ ಯಾರಾದ್ರೂ ಒಂದು ಮಾತು ಹೇಳಿದ್ರೆ ಆಗ್ತಿತ್ತು.

ತಾನಾಗೇ ಬರುತ್ತಾ ಅಂದ್ರೆ, ಬರಲ್ಲ. ಶಿವಮೊಗ್ಗದ ಆಸ್ಪತ್ರೆ ಸಾಫ್ಟ್‌ವೇರ್ ಈ ವ್ಯವಸ್ಥೆಗೆ ಸೇರಿರಬೇಕು, ನಿಮ್ಮಪ್ಪನ ದಾಖಲೆ ಅಲ್ಲಿ ಕಂಪ್ಯೂಟರಲ್ಲಿ ಇರ್ಬೇಕು, ಅದನ್ನ ಆಭಾಗೆ ಲಿಂಕ್ ಮಾಡಿರ್ಬೇಕು. ಈ ಮೂರರಲ್ಲಿ ಒಂದು ಇಲ್ದಿದ್ರೂ ಫೋನಲ್ಲಿ ಆಭಾ ಆಪ್ ತೆಗೆದ್ರೆ ಖಾಲಿ. ನಾನು ನೋಡಿದ ಹಾಗೆ ಹೆಚ್ಚು ತೊಂದರೆ ಮೊಬೈಲ್ ನಂಬರಲ್ಲಿ. ಎಮರ್ಜೆನ್ಸಿಗೆ ಬಂದಾಗ ಯಾರು ಕರ್ಕೊಂಡು ಬಂದ್ರೋ ಅವರ ನಂಬರ್ ಬರೆದಿರ್ತೀವಿ, ಅಳಿಯಂದೋ ಪಕ್ಕದ ಮನೆಯವರದ್ದೋ, ವಯಸ್ಸು ಅಂದಾಜಿಗೆ, ಹೆಸರಲ್ಲಿ ಇನಿಷಿಯಲ್ ಒಂದ್ಸಲ ಮುಂದೆ ಒಂದ್ಸಲ ಹಿಂದೆ. ಆಧಾರಲ್ಲಿ ಇರೋ ಹೆಸರಿಗೂ ಇದಕ್ಕೂ ತಾಳೆ ಆಗದೆ ಲಿಂಕ್ ಆಗಲ್ಲ. ಫೋನ್ ಮಾಡಿ ಯುಎಚ್‌ಐಡಿ ನಂಬರ್, ಅಂದ್ರೆ ಆಸ್ಪತ್ರೆ ರೋಗಿಗೆ ಕೊಟ್ಟಿರೋ ನಂಬರ್ ಹೇಳಿ, ಅದು ಡಿಸ್ಚಾರ್ಜ್ ಸಮರಿ ಮೇಲ್ಗಡೆ ಇರುತ್ತೆ, ಹೆಸರು ಮೊಬೈಲ್ ಸರಿ ಮಾಡ್ಸಿ.

ಆದ್ರೆ ಅದಕ್ಕಿಂತ ಮೊದಲು ಕಾಗದ ಕೈಗೆ ತಗೊಳ್ಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ ರೋಗಿ ಅಥವಾ ಅವರು ಒಪ್ಪಿ ಕಳಿಸಿದವರು ಕೇಳಿದ್ರೆ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತ ಇದೆ. 2023ರ ಆಗಸ್ಟಲ್ಲಿ ಹೊಸ ನಿಯಮ ತಂದ್ರು, ಅದೇ ತಿಂಗಳು ತಡೆಹಿಡಿದ್ರು, ಹಾಗಾಗಿ ಹಳೇದೇ ನಡೀತಿದೆ. ಅದೇ ನಿಯಮದಲ್ಲಿ ಒಳರೋಗಿ ದಾಖಲೆ ಕನಿಷ್ಠ 3 ವರ್ಷ ಇಟ್ಟಿರಬೇಕು ಅಂತಲೂ ಇದೆ, ಗಮನಿಸಿ ಮೇಡಂ, 2021ರದ್ದು ಅಂದ್ರೆ ಆ ಗಡುವು ದಾಟಿದೆ. ಎಷ್ಟೋ ಕಡೆ ಜಾಸ್ತಿ ವರ್ಷ ಇಡ್ತಾರೆ, ಆದ್ರೂ ತಡ ಮಾಡ್ಬೇಡಿ. ಅಪ್ಪನ ಸಹಿ ಇರೋ ಒಂದು ಅರ್ಜಿ, ಅವರ ಐಡಿ ಜೆರಾಕ್ಸ್ ಅಣ್ಣನ ಕೈಲಿ ಕಳಿಸಿ, ಅರ್ಜಿ ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳಿ.

ಕೋಡ್_ಬರೆಯೋ_ಗೌಡ

ನಾನು ಆಸ್ಪತ್ರೆ ಸಾಫ್ಟ್‌ವೇರ್ ಕಂಪನೀಲಿ ಇದೇ ಇಂಟಿಗ್ರೇಷನ್ ಕೆಲಸ ಮಾಡಿದೀನಿ, ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಆಭಾ ಕೊಡೋದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಅದನ್ನ 2020ರ ಆಗಸ್ಟ್ 15ಕ್ಕೆ ಬೇರೆ ಹೆಸರಲ್ಲಿ ಘೋಷಣೆ ಮಾಡಿ ಮೊದಲು 6 ಕೇಂದ್ರಾಡಳಿತ ಪ್ರದೇಶದಲ್ಲಿ ಪ್ರಯೋಗ ಮಾಡಿದ್ರು, 2021ರ ಸೆಪ್ಟೆಂಬರ್ 27ಕ್ಕೆ ದೇಶಕ್ಕೆಲ್ಲಾ ಬಿಟ್ರು. ದೆಹಲೀಲಿ ಒಂದು ದೊಡ್ಡ ಸರ್ವರಲ್ಲಿ ಎಲ್ಲರ ರಿಪೋರ್ಟ್ ತುಂಬ್ತಾರೆ ಅಂತ ಬಹಳ ಜನ ಅಂದ್ಕೊಂಡಿದಾರೆ, ಹಾಗಿಲ್ಲ. ರಿಪೋರ್ಟ್ ಹುಟ್ಟಿದ ಆಸ್ಪತ್ರೆಲೇ ಇರುತ್ತೆ, ಮಧ್ಯದಲ್ಲಿ ಇರೋದು ಅಂಚೆಯಣ್ಣನ ತರ, ಮುಚ್ಚಿದ ಲಕೋಟೆ ಒಯ್ದು ಕೊಡುತ್ತೆ, ಒಡೆದು ಓದೋಕೆ ಅದರ ಹತ್ರ ಕೀಲಿ ಇಲ್ಲ.

ಬೆಂಗಳೂರಿನ ಡಾಕ್ಟ್ರು ನಿಮ್ಮಪ್ಪನ ಆಭಾ ಅಡ್ರೆಸ್ (ಇಮೇಲ್ ಐಡಿ ತರದ ಹೆಸರು) ಹಾಕಿ ಕೋರಿಕೆ ಕಳಿಸ್ತಾರೆ, ಯಾವ ಕಾರಣಕ್ಕೆ, ಯಾವ ತಾರೀಖಿಂದ ಯಾವ ತಾರೀಖು, ಡಿಸ್ಚಾರ್ಜ್ ಸಮರಿನಾ ಲ್ಯಾಬ್ ರಿಪೋರ್ಟಾ ಔಷಧಿ ಚೀಟಿನಾ, ಎಷ್ಟು ದಿನ ನೋಡ್ಬಹುದು, ಇಷ್ಟೂ ಅದ್ರಲ್ಲಿ ಇರುತ್ತೆ. ನಿಮ್ಮ ಫೋನಿಗೆ ಬರುತ್ತೆ, ನೀವು ತಾರೀಖು ಕಮ್ಮಿ ಮಾಡ್ಬಹುದು, ಒಂದು ಆಸ್ಪತ್ರೆದ್ದು ತೆಗೆದು ಇನ್ನೊಂದಕ್ಕೆ ಮಾತ್ರ ಹೂಂ ಅನ್ನಬಹುದು, ಆಮೇಲೆ ವಾಪಸ್ ತಗೋಬಹುದು. ಅಪ್ಪನ ಹತ್ರ ಸ್ಮಾರ್ಟ್‌ಫೋನ್ ಇಲ್ದಿದ್ರೆ ನಿಮ್ಮ ನಂಬರಿಗೆ ಜೋಡಿಸಬಹುದು, ಒಂದೇ ಮೊಬೈಲಿಗೆ ಮನೆಯವರ ಆಭಾ ಒಂದಕ್ಕಿಂತ ಹೆಚ್ಚು ಇರ್ಬಹುದು.

ಒಂದು ಮಾತು ಬಿಚ್ಚಿ ಹೇಳ್ಬೇಕು, ರಿಜಿಸ್ಟ್ರೇಷನ್ ಕೌಂಟರಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೊಳ್ಳೋದಿದೆಯಲ್ಲ, ಅದ್ರಲ್ಲಿ ಹೋಗೋದು ಹೆಸರು ವಯಸ್ಸು ವಿಳಾಸ ತರದ ಪರಿಚಯದ ವಿವರ ಅಷ್ಟೇ, ಕ್ಯೂ ಕಮ್ಮಿ ಆಗುತ್ತೆ ನಿಜ, ರಿಪೋರ್ಟ್ ಹೋಗಲ್ಲ. ಸ್ಕ್ಯಾನ್ ಮಾಡಿದ್ವಿ ಆಯ್ತು ಅಂತ ಕೂತ್ಕೋಬೇಡಿ. ಇನ್ನೊಂದು, ರಿಪೋರ್ಟ್ ಎಫ್‌ಎಚ್‌ಐಆರ್ ಅನ್ನೋ, ಎಲ್ಲಾ ಸಾಫ್ಟ್‌ವೇರಿಗೂ ಅರ್ಥ ಆಗೋ ಮಾದರೀಲಿ ಬರ್ಬೇಕು ಅಂತ ಇದೆ, ಅದ್ರ ಒಳಗೆ ಪಿಡಿಎಫ್ ತುರುಕಿದ್ರೂ ನಡೆಯುತ್ತೆ, ನಾನು ಕೆಲಸ ಮಾಡಿದ ಕಡೆ ಹೆಚ್ಚಿನದು ಪಿಡಿಎಫ್ಫೇ. ಓದೋಕೆ ಸಾಕು, ಆದ್ರೆ ಐದು ವರ್ಷದ ಕ್ರಿಯಾಟಿನಿನ್ ಒಂದೇ ಗ್ರಾಫಲ್ಲಿ ತೋರ್ಸು ಅಂದ್ರೆ ಸಾಫ್ಟ್‌ವೇರಿಗೆ ಅಂಕಿ ಬೇಕು, ಪಿಡಿಎಫ್ ಚಿತ್ರ ಕೊಟ್ರೆ ಏನು ಮಾಡುತ್ತೆ. ನಿಜವಾದ ಕೆಲಸ ಬಾಕಿ ಇರೋದು ಅಲ್ಲಿ.

ಹೆಸರು_ಬೇಡ_22

ಅಣ್ಣ ಹೇಳಿದ್ದನ್ನ ತಳ್ಳಿಹಾಕ್ಬೇಡಿ ಅಂತ ಬರೀತಿದೀನಿ. ನಾನು ಕೆಲವು ವರ್ಷ ಡಿಪ್ರೆಷನ್‌ಗೆ ಔಷಧಿ ತಗೊಂಡಿದೀನಿ. ಒಂದು ಆಸ್ಪತ್ರೆ ಕೌಂಟರಲ್ಲಿ ಆಧಾರ್ ಕೇಳಿದ್ರು, ಆಮೇಲೆ "ಓಟಿಪಿ ಹೇಳಿ" ಅಂದ್ರು, ಹೇಳ್ದೆ, ಮುಗೀತು, ಆಭಾ ಆಗಿದೆ ಅಂತ ನಂಗೆ ಗೊತ್ತಾಗಿದ್ದು ಮೆಸೇಜ್ ಬಂದ್ಮೇಲೆ. ಒಪ್ಪಿಗೆ ಅಂತ ಏನು ಹೇಳ್ತಿದೀರಲ್ಲ, ಹಿಂದೆ ಉದ್ದ ಸಾಲು ನಿಂತಿರೋವಾಗ ಓಟಿಪಿ ಕೇಳಿ ಪಡೆಯೋದು ಒಪ್ಪಿಗೆನಾ? ಹಲ್ಲಿನ ಡಾಕ್ಟ್ರಿಗೆ ನನ್ನ ಮಾನಸಿಕ ಚಿಕಿತ್ಸೆ ಯಾಕೆ ಕಾಣ್ಬೇಕು. 2022ರ ನವೆಂಬರಲ್ಲಿ ದೆಹಲಿ ಏಮ್ಸ್ ಸರ್ವರ್ ಮೇಲೆ ರಾನ್ಸಮ್‌ವೇರ್ ದಾಳಿ, ಅಂದ್ರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ದಾಳಿ ಆಗಿ ಎಷ್ಟೋ ದಿನ ಒಪಿಡಿ, ಲ್ಯಾಬ್ ಎಲ್ಲಾ ಕೈಬರಹದಲ್ಲಿ ನಡೆಸಿದ್ರು. ಅಂಥ ದೊಡ್ಡ ಸಂಸ್ಥೆಗೇ ಹಾಗಾದ್ರೆ ಸಣ್ಣ ನರ್ಸಿಂಗ್ ಹೋಮಿನ ಕಂಪ್ಯೂಟರ್ ಕಥೆ ಏನು.

ಕೋಡ್_ಬರೆಯೋ_ಗೌಡ

ನೀವು ಹೇಳಿದ್ದು ಸರಿ ಇದೆ, ಓಟಿಪಿ ವಿಷಯದಲ್ಲಿ ನಾನು ನಿಮ್ಮ ಕಡೆ. ಆಭಾ ಕಡ್ಡಾಯ ಅಲ್ಲ, ಬೇಡ ಅಂದ್ರೆ ಚಿಕಿತ್ಸೆ ನಿಲ್ಸೋ ಹಾಗಿಲ್ಲ, ಮಾಡಿದ್ದನ್ನ ಅಳಿಸಬಹುದು ಕೂಡ. ಆಭಾ ಸೃಷ್ಟಿ ಆದ ಮಾತ್ರಕ್ಕೆ ಹಲ್ಲಿನ ಡಾಕ್ಟ್ರಿಗೆ ಏನೂ ಕಾಣಲ್ಲ, ಅವರು ಪ್ರತ್ಯೇಕ ಕೋರಿಕೆ ಕಳಿಸ್ಬೇಕು, ನೀವು ಒಪ್ಪಬೇಕು, ಆಗಲೂ ಮಾನಸಿಕ ಚಿಕಿತ್ಸೆ ಭೇಟಿಗಳನ್ನ ಲಿಂಕ್ ಮಾಡದೆ ಬಿಡಬಹುದು. ಏಮ್ಸ್ ವಿಷಯಕ್ಕೆ ಬಂದ್ರೆ ಅದು ಆಸ್ಪತ್ರೆಯ ಸ್ವಂತ ಸರ್ವರ್, ಆಭಾ ಇದ್ರೂ ಇಲ್ದಿದ್ರೂ ಆ ಅಪಾಯ ಇದ್ದೇ ಇದೆ, ಆಸ್ಪತ್ರೆಗಳು ಅದಕ್ಕೆ ದುಡ್ಡು ಹಾಕ್ಬೇಕು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದಿದೆ, ಅದು ಕೌಂಟರ್ ತನಕ ಇಳಿದು ಬರ್ಬೇಕು. ಅಲ್ಲೀವರೆಗೆ ಕೌಂಟರಲ್ಲಿ ಓಟಿಪಿ ಕೇಳಿದ್ರೆ, ಮೆಸೇಜ್ ಪೂರ್ತಿ ಓದಿ, ಯಾತಕ್ಕೆ ಅಂತ ಕೇಳಿ ಆಮೇಲೆ ಹೇಳಿ, ಹಿಂದಿನವರು ಕಾಯಲಿ.

ಹಾವೇರಿ_ಡಾಕ್ಟರ್

ತಂಗಿ, ನಾನು ತಾಲ್ಲೂಕು ಆಸ್ಪತ್ರ್ಯಾಗ ಕೆಲಸ ಮಾಡ್ತೀನಿ, ಡಾಕ್ಟರ ಕಡೀದು ಒಂದೀಟು ಹೇಳ್ತೀನಿ ಕೇಳ್ರಿ. ಆ 1.9 ಅನ್ನೋದು ಒಂದ ಅಂಕಿ ನೋಡಿ ಏನೂ ಹೇಳಾಕ ಬರಂಗಿಲ್ಲ. ಎರಡು ವರ್ಷದಿಂದ 1.8, 1.9 ಅಂತ ನಿಂತಿತ್ತಂದ್ರ ಅದು ಹಳೇ ಕಿಡ್ನಿ ತೊಂದರಿ, ಅದಕ್ಕ ತಕ್ಕಂಗ ಹುಷಾರಿಲೆ ಮುಂದ ಹೋಗಬಹುದು. ಹೋದ ತಿಂಗಳ 1.1 ಇದ್ದು ಈಗ 1.9 ಆಗಿತ್ತಂದ್ರ ಈಗ ಏನೋ ಹೊಸದಾಗಿ ಆಗೈತಿ, ಮೊದಲ ಅದನ್ನ ಹುಡುಕಬೇಕು, ಕಿಡ್ನಿಗೆ ಇನ್ನೂ ತ್ರಾಸ ಆದೀತಂತ ಡೈ ಹಾಕಾಕ ಯಾರಿಗಿ ಬೇಕಾದ್ರೂ ಹೆದರಿಕಿ ಆಗ್ತೈತಿ. ಒಂದ ಹಳೇ ಚೀಟಿಯಿಂದ ಚಿಕಿತ್ಸಾ ದಾರಿನ ಬದಲಾಗ್ತೈತಿ, ಅದಕ್ಕ ನಿಮ್ಮ ಡಾಕ್ಟ್ರು ಮೊದಲ ಅದನ್ನ ಕೇಳ್ಯಾರ.

ಹಂಗ ಸ್ಟೆಂಟಿಂದು. ಯಾವಾಗ ಹಾಕ್ಯಾರ, ಎಷ್ಟು, ಯಾವ ರಕ್ತನಾಳಕ್ಕ, ಯಾವ ಕಂಪನಿದು. ನಾಳೆ ಹೊಟ್ಟಿ ಆಪರೇಷನ್ ಬೇಕಾತು ಅಂದ್ರ ರಕ್ತ ತೆಳು ಮಾಡೋ ಗುಳಿಗಿ ನಿಲ್ಲಸಬಹುದೋ ಇಲ್ಲೋ ಅನ್ನೋದಕ್ಕ ಇದು ಬೇಕು. ಡಿಸ್ಚಾರ್ಜ್ ಸಮರಿ ಸಿಗಲಿಲ್ಲಂದ್ರ ಬಿಲ್ ಹುಡುಕ್ರಿ, 2017ರಾಗ ಸರಕಾರ ಸ್ಟೆಂಟ್ ರೇಟ್ ಕಟ್ಟಿದಾಗ ಬಿಲ್ಲಿನ್ಯಾಗ ಕಂಪನಿ ಹೆಸರು, ಬ್ಯಾಚ್ ನಂಬರ್ ಬ್ಯಾರೆ ಬರೀಬೇಕಂತ ಮಾಡ್ಯಾರ.

ಇನ್ನ ಎಲ್ಲಾ ಕಂಪ್ಯೂಟರಿಗೆ ಹಾಕ್ರಿ ಅಂತಾರ. ಒಪಿಡಿಯಾಗ ಬಾಗಿಲ ತನ ಮಂದಿ ನಿಂತಿರ್ತಾರ, ಒಬ್ಬೊಬ್ಬರಿಗೆ ಸಿಗೋದು ಎರಡ ಮೂರ ನಿಮಿಷ, ಅದರಾಗ ಹೊಟ್ಟಿ ಮುಟ್ಟಿ ನೋಡೋದೋ ಟೈಪ್ ಮಾಡೋದೋ. ಟೈಪ್ ಮಾಡಾಕ ಒಬ್ಬ ಮನಿಷಾನ ಕೊಡ್ರಿ ಅಂತ ನಾವು ಕೇಳಕೋತ ಬಂದೀವಿ. ಆ ಮನಿಷಾ ಇಲ್ಲದ ಎಂಥಾ ಸಾಫ್ಟ್‌ವೇರ್ ತಂದ್ರೂ ಒಳಗ ಬರೇ "ಜ್ವರ, ಗುಳಿಗಿ ಕೊಟ್ಟೈತಿ" ಅಷ್ಟ ಇರ್ತೈತಿ.

ಮ್ಯಾಂಚೆಸ್ಟರ್_ನರ್ಸ್_ಮಂಗಳೂರು

ಇಲ್ಲಿ ಇಂಗ್ಲೆಂಡಲ್ಲಿ ಎಲ್ಲರಿಗೂ 10 ಅಂಕಿಯ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನಂಬರ್ ಉಂಟು, ಆದ್ರೂ ಎಲ್ಲಾ ಆಸ್ಪತ್ರೆ ಒಂದೇ ಕಂಪ್ಯೂಟರಿಗೆ ತರುವ ಪ್ರಯತ್ನ 2002ರಲ್ಲಿ ಶುರು ಮಾಡಿ 2011ರಲ್ಲಿ ಕೈಬಿಟ್ರು. ಉಳ್ಕೊಂಡದ್ದು ಸಣ್ಣದೊಂದು, ಸಮರಿ ಕೇರ್ ರೆಕಾರ್ಡ್ ಅಂತ, ಅದರಲ್ಲಿ ಮುಖ್ಯವಾಗಿ ಈಗ ತಗೊಳ್ಳುವ ಔಷಧಿ, ಅಲರ್ಜಿ, ಹಿಂದೆ ಯಾವ ಔಷಧಿಗೆ ಕೆಟ್ಟದಾಗಿತ್ತು ಅಂತ. ರಾತ್ರಿ ಪಾಳಿಯಲ್ಲಿ ಪ್ರಜ್ಞೆ ಇಲ್ಲದವರು ಬಂದಾಗ ನಾವು ಮೊದಲು ತೆಗೆದು ನೋಡುವುದು ಅದನ್ನೇ. ನೀವೂ ಅಪ್ಪನದ್ದು ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಅವರ ಪರ್ಸಲ್ಲಿ ಇಡಿ ಮಾರಾಯ್ರೆ, ಗುಳಿಗೆಯ ಹೆಸರು ಡೋಸ್ ಸಮೇತ.

ತೀರ್ಥಹಳ್ಳಿ_ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ ಅರ್ಜಿ ಕೊಟ್ಟು ಡಿಸ್ಚಾರ್ಜ್ ಸಮರಿ, ಆಂಜಿಯೋ ರಿಪೋರ್ಟ್ ತಂದ, ಸಿಡಿ ಬದ್ಲು ಪೆನ್‌ಡ್ರೈವಿಗೆ ಹಾಕಿ ಕೊಟ್ರಂತೆ. ಅಲ್ಲಿ ನೋಂದಣಿ ಆಗಿದ್ದು ನಮ್ಮ ಚಿಕ್ಕಪ್ಪನ ನಂಬರಲ್ಲಿ! ಸರಿ ಮಾಡಿಸಿ ಆಮೇಲೆ ಆಪಲ್ಲಿ ಹುಡುಕಿದ್ರೆ ಒಂದು ಭೇಟಿಯ ದಾಖಲೆ ಬಂತು, ಉಳಿದಿದ್ದು ಕಾಗದದಲ್ಲೇ ಇದೆಯಂತೆ. ಊರಿನ ಲ್ಯಾಬ್ ಇದಕ್ಕೆಲ್ಲಾ ಸೇರಿಲ್ಲ, ಆದ್ರೆ ಅವರು ತಮ್ಮ ಕಂಪ್ಯೂಟರಲ್ಲಿ ಹಳೇದೆಲ್ಲಾ ಹುಡುಕಿ ಪಿಡಿಎಫ್ ಕಳಿಸಿದ್ರು, ಎರಡು ವರ್ಷದಿಂದ 1.7ರಿಂದ 1.9ರ ಒಳಗೇ ಇದೆ. ಇದನ್ನ ಆಪಿಗೆ ನಾವೇ ಹಾಕ್ಬಹುದಾ? ಅಪ್ಪ ಶುಗರಿಗೆ ಮೆಟ್‌ಫಾರ್ಮಿನ್ ತಗೋತಾರೆ, ಅದನ್ನೂ ಹೇಳ್ಬೇಕಾ?

ಕೋಡ್_ಬರೆಯೋ_ಗೌಡ

ಹಾಕ್ಬಹುದು, ಸ್ವಂತ ಅಪ್‌ಲೋಡ್ ಮಾಡೋಕೆ ಇಕಾ ಕೇರ್, ಡ್ರೀಫ್‌ಕೇಸ್ ತರದ ಆಪಲ್ಲಿ ಜಾಗ ಇದೆ, ಅವೂ ಆಭಾ ಜೊತೆ ಸೇರ್ಕೊಳ್ತವೆ. ಫೋಟೋ ಬೇಡ, ಲ್ಯಾಬ್ ಕೊಟ್ಟ ಪಿಡಿಎಫ್ಫೇ ಹಾಕಿ, ಫೈಲ್ ಹೆಸರಲ್ಲಿ ತಾರೀಖು ಬರೀರಿ.

ಹಾವೇರಿ_ಡಾಕ್ಟರ್

ಮೆಟ್‌ಫಾರ್ಮಿನ್ ಹೇಳಲೇಬೇಕು, ಕಿಡ್ನಿ ವೀಕ್ ಇದ್ದವರಿಗೆ ಡೈ ಹಾಕೂ ಮುಂದ ಅದನ್ನ ಸ್ವಲ್ಪ ದಿನ ನಿಲ್ಲಸಾಕ ಹೇಳಬಹುದು. ನೀವ ನಿಲ್ಲಸಬ್ಯಾಡ್ರಿ, ಡಾಕ್ಟರಿಗೆ ಕೇಳ್ರಿ. ನೋವಿನ ಗುಳಿಗಿ ಅಂಗಡಿಯಿಂದ ತಂದು ತಿಂತಾರೇನ ಅಂತನೂ ಅಪ್ಪಾರಿಗೆ ಕೇಳ್ರಿ, ಅದು ಯಾವ ರೆಕಾರ್ಡಿನ್ಯಾಗೂ ಇರಂಗಿಲ್ಲ, ಕಿಡ್ನಿಗೆ ಭಾಳ ಕೆಟ್ಟದ್ದು. ಆ ಲ್ಯಾಬ್ ಪಿಡಿಎಫ್ ಸ್ಕ್ಯಾನಿಗೆ ಹೋಗೋದರೊಳಗ ಬೆಂಗಳೂರು ಡಾಕ್ಟರಿಗೆ ಮುಟ್ಟಿಸ್ರಿ.