ಹೊಸ ಸ್ಪೋರ್ಟ್ಸ್ ಗೇಮ್ ತಗೊಂಡ್ರೆ ಹಳೇ ಮೋಡ್‌ಗಳು ಇರ್ತಾವಾ? ಅನುಭವ ಇದ್ದೋರು ಹೇಳಿ

ಪಿಂಪ್ರಿ ಅಕ್ಕ, ಪುಣೆ:

ಎಲ್ರಿಗೂ ನಮಸ್ಕಾರ, ಒಂದು ಸಲಹೆ ಬೇಕಿತ್ತು. ಮನೇಲಿ ಟಿವಿಗೆ ಹಾಕಿ ಆಡೋ ಪಿಎಸ್4 (ಪ್ಲೇಸ್ಟೇಷನ್ 4) ಇದೆ, ನನ್ನ ತಮ್ಮ ಅದ್ರಲ್ಲಿ ಪೆಸ್ 2021 ಅನ್ನೋ ಫುಟ್‌ಬಾಲ್ ಗೇಮ್ ಡಿಸ್ಕ್ ಹಾಕ್ಕೊಂಡು ರಾತ್ರಿ ಊಟ ಆದ್ಮೇಲೆ ಮಾಸ್ಟರ್ ಲೀಗ್ ಅನ್ನೋ ಮೋಡ್, ಅಂದ್ರೆ ಅದೇ ಗೇಮ್ ಒಳಗಿನ ಒಂದು ಬಗೆಯ ಆಟ, ಆಡ್ತಾನೆ, ಭಾನುವಾರ ಆದ್ರೆ ಎಂಟನೇ ಕ್ಲಾಸಲ್ಲಿರೋ ನನ್ನ ಮಗ ಮಾಮನ ಪಕ್ಕ ಕೂತು ಎರಡನೇ ಕಂಟ್ರೋಲರ್ ಹಿಡೀತಾನೆ. ದೀಪಾವಳಿಗೆ ಇಬ್ರಿಗೂ ಸೇರಿಸಿ ಏನಾದ್ರೂ ಹೊಸದು ಕೊಡಿಸೋಣ ಅಂತ ಬುಧವಾರ ಪೇಠ್ ಕಡೆ ವಿಚಾರಿಸಿದೆ. ಒಬ್ರು ಹೊಸದ್ರಲ್ಲಿ ಹಳೇದೆಲ್ಲಾ ಇದ್ದೇ ಇರುತ್ತೆ ಮೇಡಂ ಅಂದ್ರು, ಪಕ್ಕದ ಅಂಗಡಿಯವ್ರು ಹಳೇದನ್ನ ಮಾತ್ರ ಮಾರ್ಬೇಡಿ ಅಂದ್ರು. ಮಗನಿಗೆ ಕ್ರಿಕೆಟ್, ಡಬ್ಲ್ಯುಡಬ್ಲ್ಯುಇ, ಕಾರ್ ರೇಸ್ ಎಲ್ಲಾನೂ ಇಷ್ಟ. ಹೊಸ ವರ್ಷನ್ ಹಾಕಿ ನೋಡಿದ್ರೆ ಇಷ್ಟದ ಮೋಡೇ ಇಲ್ಲ ಅನ್ನೋ ಹಾಗೆ ಯಾರಿಗಾದ್ರೂ ಆಗಿದ್ಯಾ? ಏನು ನೋಡಿ ತಗೋಬೇಕು? ಮನೇಲಿ ನೆಟ್ ಇದೆ, ಆದ್ರೆ ಮಗ ಗುರುತಿಲ್ಲದವ್ರ ಜೊತೆ ಆನ್‌ಲೈನಲ್ಲಿ ಆಡೋದು ನನಗೆ ಬೇಡ.

ಚಾಕಣ್ ಶಿಫ್ಟ್, ಪುಣೆ:

ಅಕ್ಕ, ಎಲ್ಲಕ್ಕಿಂತ ಮೊದ್ಲು, ಆ ಪೆಸ್ 2021 ಡಿಸ್ಕ್‌ನ ಎಕ್ಸ್‌ಚೇಂಜ್‌ಗೆ ಹಾಕ್ಲೇಬೇಡಿ. ಅದಾದ ಮೇಲೆ ಪೆಸ್ ಅನ್ನೋ ಹೆಸರೇ ಹೋಗಿ ಇಫುಟ್‌ಬಾಲ್ ಅಂತ ಬಂತು, 2021ರ ಸೆಪ್ಟೆಂಬರ್ 30ಕ್ಕೆ, ದುಡ್ಡು ಕೊಡದೇ ಡೌನ್‌ಲೋಡ್ ಮಾಡ್ಕೊಳ್ಳೋ ಗೇಮ್. ಬಂದ ದಿನ ಅದ್ರಲ್ಲಿ ಆಡೋಕೆ ಇದ್ದಿದ್ದು 9 ಕ್ಲಬ್. ಮಾಸ್ಟರ್ ಲೀಗ್ ಇಲ್ಲ, ಒಬ್ಬನೇ ಆಟಗಾರನಾಗಿ ಆಡೋ ಬಿಕಮ್ ಎ ಲೆಜೆಂಡ್ ಮೋಡೂ ಇಲ್ಲ. ಸ್ಟೀಮ್ ಅನ್ನೋ ಕಂಪ್ಯೂಟರ್ ಗೇಮ್ ಸ್ಟೋರಲ್ಲಿ ಜನ ಎಷ್ಟು ಬೈದ್ರು ಅಂದ್ರೆ ಗೇಮ್ ಮಾಡಿದ ಕೊನಾಮಿಯವ್ರೇ ಕ್ಷಮೆ ಕೇಳ್ಬೇಕಾಯ್ತು, ಒಂದು ಹದಕ್ಕೆ ಬಂದ 1.0 ವರ್ಷನ್ ಬಿಟ್ಟಿದ್ದು 2022ರ ಏಪ್ರಿಲ್‌ನಲ್ಲಿ. ಆಮೇಲೆ ಆಟ ಸುಧಾರಿಸಿದೆ, ಇಲ್ಲ ಅನ್ನಲ್ಲ, ಮೊಬೈಲಲ್ಲಿ ಆಡೋ ಹುಡುಗರಿಗೆ ತುಂಬಾ ಇಷ್ಟ. ಆದ್ರೆ ಮಾಸ್ಟರ್ ಲೀಗ್ ಆಡೋನಿಗೆ ಅಲ್ಲಿ ಮನೆ ಇಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ಆಡದವ್ರಿಗೆ ಗೊತ್ತಾಗಲ್ಲ, ಅದಕ್ಕೆ ಸ್ವಲ್ಪ ಹೇಳ್ತೀನಿ. ಮಾಸ್ಟರ್ ಲೀಗ್‌ನಲ್ಲಿ ಬೇಕಂದ್ರೆ ನಿಜವಾದ ಆಟಗಾರರನ್ನ ಬಿಟ್ಟು ಗೇಮ್‌ನವ್ರೇ ಹುಟ್ಟಿಸಿದ ಟೀಮ್ ಇಟ್ಕೊಂಡು ಶುರು ಮಾಡಬಹುದು, ಫಾರ್ವರ್ಡ್ ಕಾಸ್ಟೊಲೊ, ಮಿಡ್‌ಫೀಲ್ಡಲ್ಲಿ ಮಿನಾಂಡ, ಗೋಲಿ ಐವರೊವ್, ಪಿಎಸ್2 ಕಾಲದಿಂದ ಇರೋ ಹೆಸರುಗಳು. ಮೊದ್ಲು ಎಲ್ರ ಕೈಲೂ ಸೋಲ್ತೀರ. ನಿಧಾನಕ್ಕೆ ದುಡ್ಡು ಕೂಡಿಸಿ ಒಬ್ಬೊಬ್ಬರನ್ನೇ ಕೊಂಡು ಟೀಮ್ ಕಟ್ತೀರ, ಸೀಸನ್ ಮೇಲೆ ಸೀಸನ್ ಹೋಗ್ತಾ ದೊಡ್ಡ ಆಟಗಾರ ರಿಟೈರ್ ಆಗ್ತಾನೆ, ಆಮೇಲೆ ಅವನೇ ಸಣ್ಣ ಹುಡುಗನಾಗಿ ಮತ್ತೆ ಲಿಸ್ಟಲ್ಲಿ ಬರ್ತಾನೆ, ಆಗ ಅವನನ್ನ ಹುಡುಕಿ ಹಿಡಿಯೋದೇ ಒಂದು ಖುಷಿ. ನಿಮ್ಮ ತಮ್ಮ ಊಟ ಆದ್ಮೇಲೆ ಕೂರೋದು ಇದಕ್ಕೇ. ನೆಟ್ ಬೇಡ, ಯಾರೂ ಎದುರಾಳಿ ಬೇಡ, ಅವರ ಪಾಡಿಗೆ ಅವರು. ಹೊಸದು ಏನೇ ತಗೊಳ್ಳಿ, ಅದನ್ನ ಇದರ ಪಕ್ಕದಲ್ಲಿ ಇಡೋಕೆ ತಗೊಳ್ಳಿ, ಇದನ್ನ ಕೊಟ್ಟು ತಗೋಬೇಡಿ.

ಮಡಗಾಂವ್‌ನಲ್ಲಿ ಬೆಂಗಳೂರಿಗ, ಗೋವಾ:

ಮೇಲೆ ಹೇಳಿದ್ದು ಪೂರ್ತಿ ಒಪ್ತೀನಿ, ಆದ್ರೆ ಹೊಸದ್ರಲ್ಲಿ ಬರೀ ಹೋಗಿದ್ದೇ ಅಲ್ಲ, ಬಂದಿದ್ದೂ ಇದೆ, ಅದನ್ನೂ ಹೇಳ್ಬೇಕು. ಇಎ ಕಂಪನಿಯ ಫುಟ್‌ಬಾಲ್ ಗೇಮ್ ಫಿಫಾ 22ರಲ್ಲಿ ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂತು. ನಾನು ಫಟೋರ್ಡಾ ಸ್ಟೇಡಿಯಂಗೆ ಹೋಗಿ ಎಫ್‌ಸಿ ಗೋವಾ ಜನಗಳ ನಡುವೆ ಕೂತು ಬೆಂಗಳೂರು ಎಫ್‌ಸಿಗೆ ಕೂಗೋನು, 2019ರಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ನಾವು ಗೋವಾನ 1-0 ಹೊಡೆದಿದ್ದು ಇನ್ನೂ ಮರೆತಿಲ್ಲ, ಅಂಥೋನಿಗೆ ಟಿವಿ ಮೇಲೆ ಆ ನೀಲಿ ಜರ್ಸಿ ಕಂಡಾಗ ಆದ ಸಂತೋಷ ಹೇಳೋಕಾಗಲ್ಲ. ಪಕ್ಕದ ಮನೆ ಹುಡುಗ ಗೋವಾ ತಗೋತಾನೆ, ನಾನು ಬೆಂಗಳೂರು, ಒಂದೇ ಸೋಫಾ. ಹಳೇ ಡಿಸ್ಕಲ್ಲಿ ಇದು ಸಿಗಲ್ಲ. ಡೆಂಪೊ, ಚರ್ಚಿಲ್ ಥರ ಇಲ್ಲಿನ ಹಳೇ ಕ್ಲಬ್‌ಗಳು ಅದ್ರಲ್ಲಿ ಇಲ್ಲ, ಆ ಬೇಜಾರು ಇಲ್ಲಿನವ್ರಿಗೆ ಇದ್ದೇ ಇದೆ.

ಹೋಗಿದ್ದು ಏನು ಅಂದ್ರೆ, ಫಿಫಾ 17, 18, 19ರಲ್ಲಿ ದಿ ಜರ್ನಿ ಅಂತ ಕಥೆ ಇರೋ ಮೋಡ್ ಇತ್ತು, ಅಲೆಕ್ಸ್ ಹಂಟರ್ ಅನ್ನೋ ಹುಡುಗನ ಕಥೆ. ಫಿಫಾ 20ರಲ್ಲಿ ಅದನ್ನ ತೆಗೆದು ವೋಲ್ಟಾ ಅನ್ನೋ ಸ್ಟ್ರೀಟ್ ಫುಟ್‌ಬಾಲ್ ತಂದ್ರು, ಎಫ್‌ಸಿ 25ರಲ್ಲಿ (ಫಿಫಾ ಗೇಮ್‌ಗೇ ಆಮೇಲೆ ಬಂದ ಹೆಸರು ಎಫ್‌ಸಿ) ವೋಲ್ಟಾನೂ ತೆಗೆದು ರಶ್ ಅಂತ ಮಾಡಿದ್ರು. ಎರಡು ಮೂರು ವರ್ಷಕ್ಕೊಂದು ಮೋಡ್ ಬರುತ್ತೆ, ಹೋಗುತ್ತೆ, ಅಷ್ಟರಲ್ಲಿ ಮಕ್ಕಳಿಗೆ ಅದೇ ಅಭ್ಯಾಸ ಆಗಿರುತ್ತೆ. ಇನ್ನೊಂದು, 2023ರಲ್ಲಿ ಫಿಫಾ ಹೆಸರು ಬಿಟ್ಟು ಎಫ್‌ಸಿ 24 ಬರೋ ಹೊತ್ತಿಗೆ ಹಳೇ ಫಿಫಾಗಳನ್ನ ಆನ್‌ಲೈನ್ ಸ್ಟೋರಿಂದ ತೆಗೆದುಬಿಟ್ರು. ಈಗ ಮಗನಿಗೆ ಜರ್ನಿ ಆಡಿಸ್ಬೇಕು ಅಂದ್ರೆ ಸೆಕೆಂಡ್ ಹ್ಯಾಂಡ್ ಡಿಸ್ಕೇ ಗತಿ. ಎಂಟನೇ ಕ್ಲಾಸ್ ಹುಡುಗನಿಗೆ ಅದು ನಿಜವಾಗ್ಲೂ ಚೆನ್ನಾಗಿರುತ್ತೆ, ಸಿಕ್ರೆ ಬಿಡ್ಬೇಡಿ.

ಡೊಂಬಿವಲಿ ಮಾಣಿ, ಮುಂಬೈ:

ಕ್ರಿಕೆಟಿನದ್ದು ನಾನು ಹೇಳ್ತೇನೆ ಮಾರಾಯ್ರೆ. ನಮ್ಮ ಮಾವನ ಹೋಟೆಲಿನ ಮೇಲಿನ ರೂಮಲ್ಲಿ ಒಂದು ಹಳೇ ಕಂಪ್ಯೂಟರ್ ಉಂಟು, ಅದರಲ್ಲಿ ಇವತ್ತಿಗೂ ಓಡುದು ಕ್ರಿಕೆಟ್ 07. ಅದು ಬಂದದ್ದು 2006ರ ನವೆಂಬರಲ್ಲಿ, ಅದರ ನಂತರ ಇಎಯವರು ಪಿಸಿಗೆ ಕ್ರಿಕೆಟ್ ಗೇಮೇ ಮಾಡ್ಲಿಲ್ಲ. ಆದ್ರೂ ಆಡುವವರೇ ಪ್ಯಾಚ್ ಮಾಡಿ ಮಾಡಿ ಹೊಸ ಜರ್ಸಿ, ಹೊಸ ಟೀಮು, ಐಪಿಎಲ್ ಎಲ್ಲ ಹಾಕಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಕಾಮೆಂಟರಿಗೆ ರಿಚಿ ಬೆನೊ, ಮಾರ್ಕ್ ನಿಕೊಲಸ್. ಒಂದು ಐದು ಓವರಿನ ಮ್ಯಾಚ್ ಆಡಿ ಮುಗಿಸಿ ಕೆಳಗೆ ಕೌಂಟರಿಗೆ ಬರ್ಬಹುದು, ಎಂತ ಅಪ್‌ಡೇಟೂ ಇಲ್ಲ, ಲಾಗಿನ್ನೂ ಇಲ್ಲ.

ಪಿಎಸ್4ಗೆ ಅಂದ್ರೆ ಕ್ರಿಕೆಟ್ 22, ಕ್ರಿಕೆಟ್ 24 ಉಂಟು, ಎರಡೂ ಬಿಗ್ ಆಂಟ್ ಅನ್ನುವ ಆಸ್ಟ್ರೇಲಿಯಾ ಕಂಪನಿಯದ್ದು. ಬ್ಯಾಟಿಂಗ್ ಬೌಲಿಂಗ್ ಎಲ್ಲ 07ಕ್ಕಿಂತ ಎಷ್ಟೋ ಆಳ, ಕೆರಿಯರ್ ಮೋಡ್, ಅಂದ್ರೆ ಒಬ್ಬನೇ ಕೂತು ಸೀಸನ್ ಸೀಸನ್ ಆಡಿ ಮೇಲೆ ಬರುವುದು, ಒಳ್ಳೆದುಂಟು. 24ರಲ್ಲಿ ಐಪಿಎಲ್ ಟೀಮ್ ಕೆಲವು ಬಂದಿದೆ. ಆದ್ರೆ ಇಂಡಿಯಾ ಟೀಮಿನ ಲೈಸೆನ್ಸ್ ಇಲ್ಲ, ಹಾಗಾಗಿ ನಮ್ಮವರ ಹೆಸರು ಬೇರೆ ಬೇರೆ ಇರ್ತದೆ. ಅದಕ್ಕೆ ಅಕಾಡೆಮಿ ಅಂತ ಒಂದುಂಟು, ಅಲ್ಲಿ ಆಡುವವರು ಮಾಡಿ ಹಾಕಿದ ಟೀಮನ್ನು ಒಂದು ಸಲ ನೆಟ್ ಹಚ್ಚಿ ಇಳಿಸಿಕೊಂಡ್ರೆ ಹೆಸರು, ಮುಖ ಎಲ್ಲ ಸರಿ ಆಗ್ತದೆ. ಆ ಕೆಲಸ ನೀವು ಅಥವಾ ತಮ್ಮ ಕೂತು ಮಾಡಿಕೊಡಿ, ಆಮೇಲೆ ಹುಡುಗ ಪಕ್ಕದವನ ಜೊತೆ ಆಡ್ಬಹುದು. ಡಿಸ್ಕ್ ಹಾಕಿದ ಕೂಡ್ಲೇ ಟಿವಿಯಲ್ಲಿ ಕಾಣುವ ಇಂಡಿಯಾ ಟೀಮ್ ಬರ್ತದೆ ಅಂತ ಹುಡುಗನಿಗೆ ಹೇಳ್ಬೇಡಿ ಆಯ್ತಾ.

ವಾಸ್ಕೋ ಹುಡುಗ, ಗೋವಾ:

ಅಕ್ಕಾರ, ಡಬ್ಲ್ಯುಡಬ್ಲ್ಯುಇ ಬಗ್ಗೆ ನನ್ನ ಕೇಳ್ರಿ. ನಮ್ಮ ಬೈನಾದಾಗ ಒಂದ್ ಸಣ್ಣ ಗೇಮ್ ಪಾರ್ಲರ್ ಇತ್ತು, ಅಲ್ಲೆ ಪಿಎಸ್2 ಮ್ಯಾಲೆ ಹಿಯರ್ ಕಮ್ಸ್ ದಿ ಪೇನ್, ಗದಗ ಬಿಜಾಪುರ ಕಡೆ ಹುಡುಗೂರೆಲ್ಲಾ ಕೆಲಸ ಮುಗಿಸಿ ಬಂದು ಲೈನ್ ಹಚ್ಚಿ ಆಡ್ತಿದ್ವಿ. ಆಮ್ಯಾಲೆ ಸ್ಮ್ಯಾಕ್‌ಡೌನ್ ವರ್ಸಸ್ ರಾ 2006ರಾಗ ಜಿಎಂ (ಜನರಲ್ ಮ್ಯಾನೇಜರ್) ಮೋಡ್ ಅಂತ ಬಂತ್ರಿ. ನೀವು ಕುಸ್ತಿ ಆಡೂದಲ್ಲ, ಶೋ ನಡಸೂದು, ಯಾರ ಮ್ಯಾಲೆ ಯಾರನ್ನ ಬಿಡಬೇಕು, ಯಾರಿಗೆ ಎಷ್ಟು ರೊಕ್ಕ ಕೊಡಬೇಕು, ಎಲ್ಲಾ ನಿಮ್ಮ ಕೈಯಾಗ. ಭಾಳ ಛಲೋ ಇತ್ತು. ಮುಂದ ಎರಡ್ ಮೂರ್ ವರ್ಷಕ್ಕ ಅದನ್ನ ಕಿತ್ತು ಒಗದ್ರು. ಜನ ಕೇಳಿ ಕೇಳಿ ಸಾಕಾಗಿ ಕಡೀಗೆ 2022ರಾಗ ಡಬ್ಲ್ಯುಡಬ್ಲ್ಯುಇ 2ಕೆ22 ಒಳಗ ಮೈಜಿಎಂ ಅಂತ ವಾಪಸ್ ಬಂತ್ರಿ.

ವಾಪಸ್ ಬಂತು ಅಂದ್ರ ಪೂರಾ ಬಂತು ಅಂತ ತಿಳ್ಕೊಬ್ಯಾಡ್ರಿ. 2ಕೆ22ರಾಗ ಮಿಡ್‌ಕಾರ್ಡ್ ಬೆಲ್ಟ್, ಅಂದ್ರ ದೊಡ್ಡ ಚಾಂಪಿಯನ್ ಪಟ್ಟಕ್ಕಿಂತ ಕೆಳಗಿನ ಪಟ್ಟ, ಇಲ್ಲ, ಇಬ್ಬರs ಆಡಬೇಕು. 2ಕೆ23ರಾಗ ಬೆಲ್ಟ್ ಹೆಚ್ಚು ಮಾಡ್ಯಾರ, ನಾಕು ಮಂದಿ ತನಕ ಕುಂತು ಆಡಬಹುದು. ಹಂಗಾಗಿ ನಿಮ್ಮ ಹುಡುಗ ಮಾಮನ ಜೋಡಿ ಆಡವ ಅಂದ್ರ 22 ಬಿಟ್ಟು 23 ನೋಡ್ರಿ, ಸೆಕೆಂಡ್ ಹ್ಯಾಂಡ್ ಸಿಕ್ರೂ ನಡಿತೈತಿ. 2ಕೆ20 ಅಂತೂ ಸೋವಿ ಸಿಗತೈತಿ ಅಂತ ತಗೋಬ್ಯಾಡ್ರಿ, ಅದು ಬಂದಾಗ ಅದರ ತುಂಬ ಬಗ್ ಇದ್ವು, ಅದಕ್ಕs ಮುಂದಿನ ವರ್ಷದ ಗೇಮ್ ಕ್ಯಾನ್ಸಲ್ ಆತು. ಇನ್ನೊಂದು ನೋವು ಏನಂದ್ರ, ಹಳೇ ಗೇಮಿನಾಗ ನಾವs ಫಿನಿಷರ್ ಮಾಡಿ ಹಾಕ್ತಿದ್ವಿ, ಅಂದ್ರ ಎತ್ತೂದು, ತಿರುಗಿಸೂದು, ಕೆಡವೂದು ಒಂದೊಂದs ಜೋಡಿಸಿ ಸ್ವಂತದ್ದು ಮಾಡೂದು. ಪಿಎಸ್4ಗೆ 2ಕೆ15 ಬಂದಾಗ ಅದು ಹೋತು.

ನೇರುಳ್ ಪಿಟ್‌ಸ್ಟಾಪ್, ನವಿ ಮುಂಬೈ:

ಕಾರ್ ರೇಸ್ ಚಿಕ್ಕದಾಗಿ ಹೇಳ್ತೀನಿ. ಎಫ್1 2015 ಬೇಡ, ಅದ್ರಲ್ಲಿ ಕೆರಿಯರ್ ಮೋಡೇ ಇಲ್ಲ, ಮುಂದಿನ ವರ್ಷ 2016ರಲ್ಲಿ ವಾಪಸ್ ತಂದ್ರು. ಟಿವಿನ ಎರಡು ಭಾಗ ಮಾಡಿ ಇಬ್ರು ಆಡೋ ಸ್ಪ್ಲಿಟ್ ಸ್ಕ್ರೀನ್ ಕೂಡ ಆಗ ಹೋಗಿದ್ದು ಎಫ್1 2020ರಲ್ಲಿ ಬಂತು, ಹಾಗಾಗಿ ನಿಮ್ಮನೇಗೆ 2020 ಅಥವಾ ಆಮೇಲಿಂದು. 2020ರಲ್ಲಿ ಹಳೇ ಕಾಲದ ಕ್ಲಾಸಿಕ್ ಕಾರ್‌ಗಳೂ ಇವೆ, 2021ರಲ್ಲಿ ಅವನ್ನ ತೆಗೆದಿದ್ದಾರೆ, ಆದ್ದರಿಂದ ನನ್ನ ಓಟು 2020ಕ್ಕೇ. ನಮ್ಮ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ ಬೇಕು ಅಂದ್ರೆ ಅದು ಇರೋದು 2011, 12, 13ರ ಗೇಮ್‌ಗಳಲ್ಲಿ, ಇಲ್ಲಿ ರೇಸ್ ನಡೆದಿದ್ದೂ ಆ ಮೂರು ವರ್ಷನೇ. ಅವು ಪಿಎಸ್3 ಕಾಲದವು, ಪಿಎಸ್4ಗೆ ಡಿಸ್ಕ್ ಹಾಕಿದ್ರೆ ಓಡಲ್ಲ.

ಬಾಣೇರ್ ಟೆಸ್ಟರ್, ಪುಣೆ:

ನಾನು ಗೇಮ್ ಟೆಸ್ಟಿಂಗ್ ಕೆಲಸದಲ್ಲಿ ಇದ್ದೀನಿ, ಈ ಮೋಡ್‌ಗಳು ಯಾಕೆ ಹೋಗ್ತಾವೆ ಅನ್ನೋದು ಗೊತ್ತಾದ್ರೆ ಆರಿಸೋದು ಸುಲಭ, ಅದಕ್ಕೆ ಬರೀತಿದ್ದೀನಿ. ಮೊದಲನೇ ಕಾರಣ ಎಂಜಿನ್, ಅಂದ್ರೆ ಗೇಮ್‌ನ ಒಳಗಿಂದ ನಡೆಸೋ ಮೂಲ ಸಾಫ್ಟ್‌ವೇರ್, ಬದಲಾಗೋದು. ಪೆಸ್ ಇದ್ದಿದ್ದು ಫಾಕ್ಸ್ ಎಂಜಿನ್ ಮೇಲೆ, ಇಫುಟ್‌ಬಾಲ್ ಮಾಡಿದ್ದು ಅನ್‌ರಿಯಲ್ ಮೇಲೆ. ಎಂಜಿನ್ ಬದಲಾಯಿಸೋದು ಅಂದ್ರೆ ಮನೆ ಕೆಡವಿ ಹೊಸದಾಗಿ ಕಟ್ಟೋ ಥರ, ಹಾಲ್ ಮತ್ತೆ ಅಡುಗೆಮನೆ ಮೊದ್ಲು ಏಳುತ್ತೆ, ಹಿಂದಿನ ಕೋಣೆಗಳು ಆಮೇಲೆ ಅಂತ ಉಳಿಯುತ್ತೆ, ಕೆಲವು ಏಳೋದೇ ಇಲ್ಲ. ಹೊಸ ಕನ್ಸೋಲ್‌ಗೆ (ಪಿಎಸ್4 ಥರದ ಆಟದ ಯಂತ್ರಕ್ಕೆ) ಮೊದಲ ಸಲ ಗೇಮ್ ಮಾಡಿದಾಗಲೂ ಇದೇ ಕಥೆ, ಮೇಲಿನವ್ರು ಹೇಳಿದ 2ಕೆ15 ಹಾಗೇ ಆಗಿದ್ದು. ಆದ್ದರಿಂದ ಎಂಜಿನ್ನೋ ಕನ್ಸೋಲೋ ಬದಲಾದ ಮೊದಲ ವರ್ಷದ್ದನ್ನ ಬಿಟ್ಟು ಅದರ ಮುಂದಿನದು ನೋಡಿ.

ಎರಡನೇದು ದುಡ್ಡು. ಇಎ ಕಂಪನಿಗೆ 2021ರ ಹಣಕಾಸು ವರ್ಷದಲ್ಲಿ ಬರೀ ಅಲ್ಟಿಮೇಟ್ ಟೀಮ್‌ನಿಂದ, ಅಂದ್ರೆ ಕಾರ್ಡ್ ಪ್ಯಾಕ್ ಕೊಂಡು ಆಡೋ ಆನ್‌ಲೈನ್ ಮೋಡ್‌ನಿಂದ, ಬಂದ ಆದಾಯ ಸುಮಾರು 160 ಕೋಟಿ ಡಾಲರ್. ಒಬ್ನೇ ಕೂತು ಆಡೋ ಕೆರಿಯರ್ ಮೋಡ್‌ನಲ್ಲಿ ಒಂದ್ಸಲ ಡಿಸ್ಕ್ ಮಾರಿದ ಮೇಲೆ ಏನೂ ಬರಲ್ಲ. ಕೆಲಸಗಾರರು ಎಲ್ಲಿಗೆ ಹೋಗ್ತಾರೆ ಅಂತ ನೀವೇ ನೋಡಿ. ಇದು ನನಗೆ ನಿಜವಾಗ್ಲೂ ಸಿಟ್ಟು ಬರಿಸೋ ವಿಷಯ, ಯಾಕಂದ್ರೆ ಮನೇಲಿ ಇಬ್ರು ಕೂತು ಆಡೋದನ್ನ ನಂಬ್ಕೊಂಡು ಡಿಸ್ಕ್ ಕೊಂಡವ್ರು ಕಮ್ಮಿ ಗಿರಾಕಿಗಳಲ್ಲ. ಪ್ಯಾಕ್ ಅಂದೆನಲ್ಲ ಅಕ್ಕ, ಮಗನ ಅಕೌಂಟ್‌ಗೆ ಕಾರ್ಡ್ ಆಗ್ಲಿ ಯುಪಿಐ ಆಗ್ಲಿ ಸೇರಿಸ್ಬೇಡಿ.

ಮೂರನೇದು ಸರ್ವರ್, ಅಂದ್ರೆ ಆನ್‌ಲೈನ್ ಆಟ ನಡೆಸೋ ಕಂಪನಿಯ ಕಂಪ್ಯೂಟರ್. ಬಾಸ್ಕೆಟ್‌ಬಾಲ್ ಗೇಮ್ ಎನ್‌ಬಿಎ 2ಕೆ20ದ ಸರ್ವರ್ 2021ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ್ರು, 2ಕೆ21ದು ಅದರ ಮುಂದಿನ ವರ್ಷ ಅದೇ ದಿನ. ಆನ್‌ಲೈನ್‌ಗೆ ಕಟ್ಟಿ ಹಾಕಿದ ಮೋಡ್ ಅಂದ್ರೆ ಅದಕ್ಕೆ ಆಯಸ್ಸು ಇದೆ ಅಂತಲೇ ಲೆಕ್ಕ.

ನೋಡೋದು ಹೇಗೆ ಅಂದ್ರೆ, ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಆ ಗೇಮ್‌ನ ಪುಟ ತೆಗೀರಿ, ಕೊಳ್ಳೋ ಬಟನ್ ಹತ್ರ ಆಫ್‌ಲೈನ್ ಆಟ ಇದೆಯಾ, ಎಷ್ಟು ಜನ ಆಡಬಹುದು ಅಂತ ಬರೆದಿರ್ತಾರೆ. ಆಮೇಲೆ ಯೂಟ್ಯೂಬ್‌ನಲ್ಲಿ ಟ್ರೈಲರ್ ನೋಡ್ಬೇಡಿ, ಯಾರಾದ್ರೂ ಪಿಎಸ್4ನಲ್ಲೇ ಆ ಗೇಮ್ ಆನ್ ಮಾಡಿ ಮೆನು ತೋರಿಸಿದ ವಿಡಿಯೋ ನೋಡಿ. ಪಿಎಸ್4 ಅನ್ನೋದು ಮುಖ್ಯ. ಫಿಫಾ 22ರ ಹೈಪರ್‌ಮೋಷನ್, ಅಂದ್ರೆ ಆಟಗಾರರ ಓಟ ಚಲನೆ ನಿಜದ ಥರ ಕಾಣಿಸೋ ತಂತ್ರ, ಪಿಎಸ್5ನಲ್ಲಿ ಇತ್ತು, ಪಿಎಸ್4ನಲ್ಲಿ ಇರ್ಲಿಲ್ಲ, ಎರಡು ಡಬ್ಬಿ ಮೇಲೂ ಹೆಸರು ಒಂದೇ.

ಪಿಂಪ್ರಿ ಅಕ್ಕ, ಪುಣೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಅಂಗಡೀಲಿ ಯಾರೂ ಹೇಳ್ಲಿಲ್ಲ. ಪೆಸ್ ಡಿಸ್ಕ್ ಇಟ್ಕೋತೀವಿ, ಮಗನಿಗೆ ಎಫ್1 2020 ಮತ್ತೆ ಕ್ರಿಕೆಟ್ 24, ಇವೆರಡರಲ್ಲಿ ಒಂದು. ಇನ್ನೆರಡು ಪ್ರಶ್ನೆ. ಪೆಸ್‌ನಲ್ಲಿ ಕೆಲವು ಟೀಮ್ ಹೆಸರು, ಜರ್ಸಿ ಬೇರೆ ಇದೆ ಅಂತ ಮಗ ಗೊಣಗ್ತಾನೆ, ಸರಿ ಮಾಡ್ಬಹುದಾ? ಮುಂದೆ ಪಿಎಸ್5 ತಗೊಂಡ್ರೆ ತಮ್ಮನ ಮಾಸ್ಟರ್ ಲೀಗ್ ಹೋಗುತ್ತಾ?

ಚಾಕಣ್ ಶಿಫ್ಟ್, ಪುಣೆ:

ಹೆಸರು, ಜರ್ಸಿ ಸರಿ ಮಾಡ್ಬಹುದು ಅಕ್ಕ, ಅದಕ್ಕೆ ಆಪ್ಷನ್ ಫೈಲ್ ಅಂತಾರೆ, ಪಿಎಸ್4ನಲ್ಲಿ ಆಗುತ್ತೆ. ಕಂಪ್ಯೂಟರಲ್ಲಿ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ಡಬ್ಲ್ಯು ಇ ಪಿ ಇ ಎಸ್ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಫೋಲ್ಡರ್ ಮಾಡಿ ಎಲ್ಲಾ ಅದರೊಳಗೆ ಹಾಕಿ, ಗೇಮ್‌ನ ಎಡಿಟ್ ಮೋಡ್‌ಗೆ ಹೋಗಿ ಇಂಪೋರ್ಟ್ ಕೊಡಿ. ಸ್ವಲ್ಪ ಹೊತ್ತು ಹಿಡಿಯುತ್ತೆ, ಮಧ್ಯ ಆಫ್ ಮಾಡ್ಬೇಡಿ. ಹೊಸ ಇಫುಟ್‌ಬಾಲ್‌ನಲ್ಲಿ ಹೀಗೆ ಮಾಡೋಕಾಗಲ್ಲ, ಹಳೇದನ್ನ ಇಟ್ಕೊಳ್ಳಿ ಅನ್ನೋದಕ್ಕೆ ಇದೂ ಒಂದು ಕಾರಣ.

ಪಿಎಸ್5 ತಗೊಳ್ಳೋವಾಗ ಡಿಸ್ಕ್ ಹಾಕೋ ಜಾಗ ಇರೋದನ್ನೇ ತಗೊಳ್ಳಿ, ಪಿಎಸ್4 ಡಿಸ್ಕ್ ಅದ್ರಲ್ಲಿ ಓಡುತ್ತೆ, ಡಿಜಿಟಲ್ ಎಡಿಷನ್‌ಗೆ ಡಿಸ್ಕ್ ಡ್ರೈವ್ ಬೇರೆ ಕೊಳ್ಬೇಕು, ಅದೂ ಹೊಸ ಸ್ಲಿಮ್ ಮಾಡೆಲ್‌ಗೆ ಮಾತ್ರ ಕೂರುತ್ತೆ. ಸೇವ್ ಫೈಲ್‌ಗೆ ಪಿಎಸ್4 ಸೆಟ್ಟಿಂಗ್ಸ್‌ನಲ್ಲಿ ಸೇವ್ ಡೇಟಾ ಮ್ಯಾನೇಜ್‌ಮೆಂಟ್ ಅಂತ ಇದೆ, ಅಲ್ಲಿಂದ ಯುಎಸ್‌ಬಿಗೆ ಕಾಪಿ ಮಾಡಿ ಇಟ್ಕೊಳ್ಳಿ. ಪಿಎಸ್5ನಲ್ಲೂ ತಮ್ಮನ ಅದೇ ಅಕೌಂಟಲ್ಲಿ ಲಾಗಿನ್ ಆಗ್ಬೇಕು, ಬೇರೆ ಅಕೌಂಟಾದ್ರೆ ತಗೊಳ್ಳಲ್ಲ. ಪಿಎಸ್4 ಮಾರೋ ಯೋಚನೆ ಇದ್ರೆ ಕಾಪಿ ಆಗಿರೋದು ಹೊಸದ್ರಲ್ಲಿ ತೆಗೆದು ನೋಡಿದ ಮೇಲೇ ಮಾರಿ.