ಗಗಾರಿನ್ ನೌಕೆಯೊಳಗೇ ಕುಳಿತು ಏಕೆ ಇಳಿಯಲಿಲ್ಲ?

ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಹಾಸನ:
ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ನೋಡುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಬಾಹ್ಯಾಕಾಶದ ಪಾಠವೆಂದರೆ ಪ್ರಶ್ನೆಗಳ ಸುರಿಮಳೆ. 1961ರ ಏಪ್ರಿಲ್ 12ರಂದು ವೊಸ್ತೊಕ್-1ರಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದ ಯೂರಿ ಗಗಾರಿನ್, ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಚಿಮ್ಮಿ ಪ್ರತ್ಯೇಕ ಪ್ಯಾರಾಚೂಟಿನಲ್ಲಿ ಇಳಿದರೆಂದು ಹೇಳಿದಾಗ, ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು, ‘ನೌಕೆಗೂ ಪ್ಯಾರಾಚೂಟ್ ಇತ್ತಲ್ಲ, ಮತ್ತೇಕೆ ಹೊರಗೆ ಹಾರಿದರು?’ ಎಂದು ಕೇಳಿದಳು. ಸೋವಿಯತ್ ಒಕ್ಕೂಟ ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟದ್ದೇಕೆ ಎಂಬುದನ್ನೂ ತಿಳಿದವರು ವಿವರಿಸಬೇಕಾಗಿ ವಿನಂತಿ.

ನಿವೃತ್ತ ಎಂಜಿನಿಯರ್, ಚಿಕ್ಕಮಗಳೂರು:
ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ವೊಸ್ತೊಕ್ ವಿನ್ಯಾಸದ ಮರ್ಮಕ್ಕೇ ಕೈ ಹಾಕಿದೆ. ಗಗಾರಿನ್ ಕುಳಿತಿದ್ದದ್ದು 2.3 ಮೀಟರ್ ವ್ಯಾಸದ, ಎರಡೂವರೆ ಟನ್ನಿನ ಹತ್ತಿರ ತೂಗುತ್ತಿದ್ದ ಗೋಳದಲ್ಲಿ. ಅದರ ಗುರುತ್ವಕೇಂದ್ರವನ್ನು ಒಂದು ಬದಿಗೆ ಸರಿಸಿದ್ದರಿಂದ, ವಾತಾವರಣವನ್ನು ಹೊಕ್ಕಾಗ ಗೋಳ ತಾನಾಗಿಯೇ ಸರಿಯಾದ ಭಂಗಿಗೆ ಬರುತ್ತಿತ್ತು. ಅಂದು ಉಪಕರಣಗಳ ವಿಭಾಗ ಸಕಾಲಕ್ಕೆ ಕಳಚಿಕೊಳ್ಳದೆ ನೌಕೆ ಹತ್ತು ನಿಮಿಷದಷ್ಟು ಹೊತ್ತು ಗಿರಗಿರನೆ ತಿರುಗಿದರೂ ಗಗಾರಿನ್ ಬದುಕಿ ಬಂದದ್ದರಲ್ಲಿ ಈ ಸರಳ ಉಪಾಯದ ಪಾಲು ದೊಡ್ಡದೆಂದು ನನ್ನ ನಂಬಿಕೆ.

ತೊಡಕಿದ್ದದ್ದು ಕೊನೆಯ ಕ್ಷಣದಲ್ಲಿ. ಗೋಳದ ಪ್ಯಾರಾಚೂಟ್ ಅದರ ವೇಗವನ್ನು ಸೆಕೆಂಡಿಗೆ ಸುಮಾರು 10 ಮೀಟರಿಗಷ್ಟೇ ತಗ್ಗಿಸುತ್ತಿತ್ತು. ಅಂದರೆ ಸುಮಾರು 5 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟು ಪೆಟ್ಟು. ಅಮೆರಿಕದವರು ತಮ್ಮ ನೌಕೆಗಳನ್ನು ಸಮುದ್ರಕ್ಕೆ ಇಳಿಸುತ್ತಿದ್ದರು, ಸೋವಿಯತ್ ನೌಕೆ ಮಾತ್ರ ಗಟ್ಟಿ ನೆಲಕ್ಕೇ ಇಳಿಯಬೇಕಿತ್ತು. ಆದ್ದರಿಂದ ಯಾತ್ರಿಯನ್ನು ಆಸನಸಮೇತ ಹೊರಚಿಮ್ಮಿಸುವುದೇ ಕ್ಷೇಮವೆನಿಸಿತು.

ಗ್ರಂಥಪಾಲಕಿ, ಹಾಸನ:
ಮುಚ್ಚಿಟ್ಟದ್ದಕ್ಕೆ ಕಾರಣ ದಾಖಲೆಯ ನಿಯಮ. ಚಾಲಕ ತಾನು ಹಾರಿದ ವಾಹನದಲ್ಲೇ ನೆಲಕ್ಕಿಳಿದರೆ ಮಾತ್ರ ದಾಖಲೆಗೆ ಮಾನ್ಯತೆ ಎಂದು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ ವಿಧಿಸಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಕಕ್ಷೆಯಲ್ಲಿದ್ದ ಗೆರ್ಮನ್ ತಿತೊವ್ ಕೂಡ ಪ್ರತ್ಯೇಕವಾಗಿ ಇಳಿದ ಸಂಗತಿ ಹೊರಬಿದ್ದ ಮೇಲೆ, ಒಕ್ಕೂಟವೇ ನಿಯಮವನ್ನು ಬದಲಿಸಿತು. ಗಗಾರಿನ್ ದಾಖಲೆಯೂ ಉಳಿಯಿತು.

ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಹಾಸನ:
ಇಬ್ಬರಿಗೂ ಕೃತಜ್ಞತೆಗಳು. 1963ರಲ್ಲಿ ಹೋದ ವಲೆಂತೀನಾ ತೆರೆಷ್ಕೋವಾ ಅವರೂ ಹೀಗೆಯೇ ಇಳಿದರೇ?

ನಿವೃತ್ತ ಎಂಜಿನಿಯರ್, ಚಿಕ್ಕಮಗಳೂರು:
ಹೌದು, ವೊಸ್ತೊಕ್‌ನ ಆರೂ ಯಾತ್ರಿಗಳು ಹಾಗೆಯೇ ಇಳಿದರು. 1964ರ ಅಕ್ಟೋಬರಿನಲ್ಲಿ ಹಾರಿದ ವೊಸ್ಖೋದ್‌ನಲ್ಲಿ ಅದೇ ಅಳತೆಯ ಗೋಳದೊಳಗೆ ಮೂವರನ್ನು ಕೂರಿಸಬೇಕಾಗಿ ಬಂದಾಗ, ಹೊರಚಿಮ್ಮುವ ಆಸನಗಳಿಗೂ ಬಾಹ್ಯಾಕಾಶ ಉಡುಪಿಗೂ ಜಾಗ ಉಳಿಯಲಿಲ್ಲ. ನೆಲ ಸಮೀಪಿಸುತ್ತಿದ್ದಂತೆ ಉರಿದು ವೇಗ ತಗ್ಗಿಸುವ ಪುಟ್ಟ ರಾಕೆಟ್ಟನ್ನು ಆಗ ಜೋಡಿಸಿದರು. ಇಳಿಯುವಿಕೆ ಮೆದುವಾಯಿತು, ನಿಜ. ಆದರೆ ಉಡಾವಣೆಯ ಹೊತ್ತಿನಲ್ಲಿ ಅನಾಹುತವಾದರೆ ಪಾರಾಗಲು ಇದ್ದ ಆಸನವನ್ನೇ ತೆಗೆದುಹಾಕಿದ್ದು, ನನ್ನ ದೃಷ್ಟಿಯಲ್ಲಿ, ಒಪ್ಪಬಾರದ ಅಪಾಯವಾಗಿತ್ತು.